ಕುದುರೆಗೆ ಪುಸ್ತಕ, ಹೋರಿಗೆ ಫ್ಲೆಕ್ಸ್

ಹೋದ ವರ್ಷ ದೀಪಾವಳಿಗೆ ಮಾಮಾನ ಊರಿಗೆ ಹೋದಾಗ ಚೀಲದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇತ್ತು. ಧಾರವಾಡದಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ 120 ರೂಪಾಯಿಗೆ ಸಿಕ್ಕಿದ್ದು. ಮಾಮಾನ ಊರು ಹಾವೇರಿಯಿಂದ ಅರ್ಧ ತಾಸು. ಊಟ ಆದಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಓದುತ್ತಿದ್ದೆ. ಮಾಮಾ ಬಂದು ಪುಸ್ತಕ ಕೈಗೆ ತೊಗೊಂಡರು. ಮುಖಪುಟ ನೋಡಿದರು. ತಕ್ಕಡಿಗೆ ಹಾಕುವ ಮುಂಚೆ ಬದನೆಕಾಯಿಯ ತೂಕ ನೋಡುತ್ತಾರಲ್ಲ, ಹಾಗೆ ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿದರು. “ಇಷ್ಟೂ ಕುದುರಿ ಬಗ್ಗೇನ ಐತೇನೋ ಅಳ್ಯಾ?” “ಹೌದು ಮಾಮಾ.” “ಒಂದ ಕುದುರಿ ಬಗ್ಗೆ?” “ಒಂದ ಕುದುರಿ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಖಾಲಿ ಕೊಟ್ಟಿಗೆ ಕಡೆ ನೋಡುತ್ತಾ, “ಹಂಗಾರ ನಮ್ಮ ಬಸ್ಯಾ ಏನ್ ಪಾಪ ಮಾಡಿದ್ದ?” ಅಂದರು.

ನಗುತ್ತಲೇ ಕೇಳಿದ್ದು. ಆದರೆ ಒಂದು ವರ್ಷದಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಬಸ್ಯಾ ಅಂದರೆ ಮಾಮಾನ ಹೋರಿ. ಆ ಮನೆಯಲ್ಲಿ ಅವನನ್ನು ಯಾರೂ “ಅದು” ಅನ್ನುವುದಿಲ್ಲ. ಬಂದ, ಹೋದ, ಸಿಟ್ಟಿಗೆದ್ದ, ಉಂಡ. ಕೊರಳಿಗೆ ಕೊಬ್ಬರಿ ಕಟ್ಟಿ ಮಂದಿಯ ನಡುವೆ ಹೋರಿ ಓಡಿಸುವ ಹೋರಿ ಹಬ್ಬದ ಅಖಾಡದಲ್ಲಿ ಮಾತ್ರ ಅವನಿಗೆ ಒಂದು ಸಿನಿಮಾದ ಹೆಸರಿತ್ತು. ಹಿಂದೆ ಊರಿನ ಹೆಸರು ಹಚ್ಚಿ ಮೈಕಿನಲ್ಲಿ ಕೂಗುತ್ತಿದ್ದರು. ಮನೆಗೆ ಬಂದರೆ ಬರೀ ಬಸ್ಯಾ. (ದೊಡ್ಡ ದೊಡ್ಡ ರೇಸ್ ಕುದುರೆಗಳದ್ದೂ ಇದೇ ಕಥೆ. ಸೀಬಿಸ್ಕಿಟ್‌ನನ್ನು ಅವನ ಸವಾರ ಕರೆಯುತ್ತಿದ್ದದ್ದು ‘ಪಾಪ್ಸ್’ ಅಂತ. ಆಸ್ಟ್ರೇಲಿಯಾದ ಫಾರ್ ಲ್ಯಾಪ್ ಲಾಯದೊಳಗೆ ‘ಬಾಬಿ’.) ಒಂಬತ್ತು ಹಂಗಾಮು ಓಡಿದ. ಎರಡು ಬೇಸಿಗೆ ಹಿಂದೆ ವಯಸ್ಸಾಗಿ ಸತ್ತ. ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗೆ ಮಣ್ಣು ಮಾಡಿದ್ದಾರೆ. ಈಗ ಉಳಿದಿರುವುದು ಗೋಡೆಗೆ ತೂಗುಹಾಕಿದ ಜೂಲ, ಒಂದು ಗೆಜ್ಜೆಸರ, ಗೆದ್ದ ಸಾಮಾನುಗಳು, ಮತ್ತೆ ಪಡಸಾಲೆಯಲ್ಲಿ ಬಿಸಿಲಿಗೆ ಬಣ್ಣ ಹೋದ ಒಂದು ಫ್ಲೆಕ್ಸ್.

ಕಾಕಾ ಸಣ್ಣವ, ಮಗ ದೊಡ್ಡವ

ಆ ದಪ್ಪ ಪುಸ್ತಕ ಲಾರಾ ಹಿಲೆನ್‌ಬ್ರಾಂಡ್ ಬರೆದ ‘ಸೀಬಿಸ್ಕಿಟ್’. ಬಂದದ್ದು 2001ರಲ್ಲಿ. ಎರಡು ವರ್ಷಕ್ಕೆ ಸಿನಿಮಾ ಆಯಿತು. ನಾನು ಸಿನಿಮಾ ಮೊದಲು ನೋಡಿದವನು, ಅದಕ್ಕೇ ಪುಸ್ತಕ ಇಷ್ಟು ದಿನ ಮುಟ್ಟಿರಲಿಲ್ಲ. ಗೆಲ್ಲುತ್ತೆ ಅಂತ ಗೊತ್ತಿರುವ ಕುದುರೆ ಬಗ್ಗೆ ಓದಿ ಏನು ಮಾಡೋದು ಅಂತ. ತಪ್ಪು ತಿಳಿದಿದ್ದೆ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಓಡಾಡುವವನು ನಾನು. ಒಂದು ಬೆಳಿಗ್ಗೆ 1938ರ ನವೆಂಬರ್ 1ರ ಓಟ ಓದುತ್ತಾ ಓದುತ್ತಾ ಉಣಕಲ್‌ನಲ್ಲಿ ಇಳಿಯಬೇಕಾದವನು ಹೊಸೂರು ತನಕ ಹೋಗಿಬಿಟ್ಟೆ. ಫಲಿತಾಂಶ ಗೊತ್ತಿದ್ದ ಓಟ, ಆದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಮಾಮಾಗೆ ಅದೇ ಓಟ ಕಟ್ಟೆಯ ಮೇಲೆ ಕೂತು ಹೇಳಿದೆ. ಸೀಬಿಸ್ಕಿಟ್ ಸಣ್ಣ ಆಳಿನ ಕುದುರೆ, ಮೊಣಕಾಲು ನೆಟ್ಟಗಿಲ್ಲ. ಮೊದಲ 17 ಓಟದಲ್ಲಿ ಒಂದೂ ಗೆಲ್ಲಲಿಲ್ಲ. ಎದುರಿಗೆ ವಾರ್ ಅಡ್ಮಿರಲ್. ಅದರ ಹಿಂದಿನ ವರ್ಷ, 1937ರಲ್ಲಿ, ಅಮೆರಿಕದ ಮೂರು ದೊಡ್ಡ ರೇಸುಗಳನ್ನೂ ಗೆದ್ದ ಕುದುರೆ. ಅವರಿಬ್ಬರ ಸಂಬಂಧ ಹೇಳಿದ ಮೇಲೆ ಮಾಮಾ ನೆಟ್ಟಗೆ ಕೂತರು. ವಾರ್ ಅಡ್ಮಿರಲ್‌ನ ಅಪ್ಪ ಮ್ಯಾನ್ ಓ ವಾರ್ ಅನ್ನುವ ಹೆಸರಾಂತ ಕುದುರೆ. ಅದೇ ಮ್ಯಾನ್ ಓ ವಾರ್ ಸೀಬಿಸ್ಕಿಟ್‌ಗೆ ಅಜ್ಜ. ಅಂದರೆ ಎದುರಾಳಿ ಸ್ವಂತ ಕಾಕಾ. ಆದರೆ ಸೀಬಿಸ್ಕಿಟ್ ಹುಟ್ಟಿದ್ದು 1933ರಲ್ಲಿ, ವಾರ್ ಅಡ್ಮಿರಲ್ 1934ರಲ್ಲಿ. ಕಾಕಾನೇ ಒಂದು ವರ್ಷ ಸಣ್ಣವ. “ಹಿಂಗ ಆಗತೈತಿ ನೋಡು,” ಅಂದರು ಮಾಮಾ, “ನಮ್ಮ ಮನ್ಯಾಗೂ ಆಗೈತಿ.” ಮುಂದೆ ಹತ್ತು ನಿಮಿಷ ಕುದುರೆ ಬಿಟ್ಟು ಮನೆತನದ ಮಾತಾಯಿತು.

ವಾರ್ ಅಡ್ಮಿರಲ್ ಓಟದ ಶುರುವಿನಲ್ಲೇ ಬಾಣದ ಹಾಗೆ ಹೊರಡುವ ಕುದುರೆ. ಸೀಬಿಸ್ಕಿಟ್ ಹಿಂದಿನಿಂದ ಬರುವವ. ಇಬ್ಬರೇ ಓಡುವ ಓಟದಲ್ಲಿ ಶುರುವಿನಲ್ಲಿ ಹಿಂದೆ ಬಿದ್ದರೆ ಮುಗೀತು ಅಂತ ಎಲ್ಲರ ಲೆಕ್ಕ. ಅವನ ತರಬೇತುದಾರ ಟಾಮ್ ಸ್ಮಿತ್ ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವ ಮನುಷ್ಯ. ತಾನೇ ಒಂದು ಬಾರಿಸುವ ಗಂಟೆ ತಯಾರು ಮಾಡಿ, ಅದು ಹೊಡೆದ ಕೂಡಲೇ ಜಿಗಿಯುವ ಹಾಗೆ ಕುದುರೆಗೆ ರೂಢಿ ಮಾಡಿಸಿದ. ಕಾಯಂ ಸವಾರ ರೆಡ್ ಪೊಲಾರ್ಡ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ ಅಂತ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಆ ಹೊತ್ತಿಗೆ ಕಾಲು ಮುರಿದುಕೊಂಡು ಮಲಗಿದ್ದ. ಅವನ ಬದಲಿಗೆ ಓಡಿಸಿದವ ಗೆಳೆಯ ಜಾರ್ಜ್ ವುಲ್ಫ್. ಪೊಲಾರ್ಡ್ ಅವನಿಗೆ ಒಂದು ವಿಚಿತ್ರ ಸಲಹೆ ಕೊಟ್ಟ. ಮುಂದೆ ಹೋಗು, ಆದರೆ ನಡುವೆ ಬೇಕಂತಲೇ ಲಗಾಮು ಬಿಗಿ ಮಾಡಿ ವಾರ್ ಅಡ್ಮಿರಲ್‌ನನ್ನು ಪಕ್ಕಕ್ಕೆ ಬರಲು ಬಿಡು. ಎದುರಾಳಿಯ ಕಣ್ಣು ಕಂಡರೆ ನಮ್ಮವ ಇನ್ನೂ ಜೋರಾಗುತ್ತಾನೆ ಅಂತ. ವುಲ್ಫ್ ಹಾಗೇ ಮಾಡಿದ. ಪಕ್ಕಕ್ಕೆ ಬಂದ, ಕಣ್ಣು ಕೂಡಿತು, ಸೀಬಿಸ್ಕಿಟ್ ಹೊರಟೇಬಿಟ್ಟ. ನಾಲ್ಕು ಕುದುರೆಯುದ್ದದ ಅಂತರದಲ್ಲಿ ಗೆದ್ದ.

ನನ್ನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಮಾಮಾಗೆ ಅಲ್ಲಿಂದ ಶುರು. ಎಷ್ಟು ರೊಕ್ಕ ಗೆದ್ದ, ಎಷ್ಟು ಮಂದಿ ಸೇರಿದ್ದರು, ಒಂದೂ ಕೇಳಲಿಲ್ಲ. ಕೇಳಿದ್ದು ಮೂರೇ. ಏನು ತಿಂತಿದ್ದ? ಯಾರ ಕೈಯಾಗ ತಿಂತಿದ್ದ? ರಾತ್ರಿ ಮಲಗತಿದ್ದನೋ ನಿಂತಿರತಿದ್ದನೋ?

ನನಗೆ ಆಶ್ಚರ್ಯ ಆಗಿದ್ದು ಏನಂದರೆ, ಮೂರಕ್ಕೂ ಪುಸ್ತಕದಲ್ಲಿ ಉತ್ತರ ಇತ್ತು. ಸೀಬಿಸ್ಕಿಟ್ ಹೊಟ್ಟೆಬಾಕ. ಕುದುರೆ ಜಾತಿಗೇ ಅಪರೂಪ ಅನ್ನುವಷ್ಟು ಹೊತ್ತು ಅಡ್ಡ ಬಿದ್ದು ಮಲಗುತ್ತಿದ್ದ. ಸ್ಮಿತ್‌ನ ಕೈಗೆ ಬಂದಾಗ ಅವನಿಗೆ ಒಂದು ಕಡೆ ನಿಲ್ಲಲಾಗದಷ್ಟು ಕಳವಳ. ಸಮಾಧಾನ ಆಗಲಿ ಅಂತ ಸ್ಮಿತ್ ಒಂದು ಮೇಕೆಯನ್ನು ಜೊತೆಗೆ ಬಿಟ್ಟ. ಸೀಬಿಸ್ಕಿಟ್ ಅದನ್ನು ಹಲ್ಲಿನಲ್ಲಿ ಎತ್ತಿ, ಅಲುಗಾಡಿಸಿ, ಅಡ್ಡಬಾಗಿಲಿನ ಆಚೆ ಹಾಕಿದ. ಆಮೇಲೆ ಪಂಪ್‌ಕಿನ್ ಅನ್ನುವ ಸಾದಾ ಕುದುರೆ ಬಂತು, ಜೊತೆಗೆ ಒಂದು ನಾಯಿ, ಒಂದು ಮಂಗ. ಇವರ ನಡುವೆ ಅವನಿಗೆ ನಿದ್ದೆ ಹತ್ತಿತು. ಮೇಕೆಯ ಮಾತಿಗೆ ಮಾಮಾ ಬಿದ್ದು ಬಿದ್ದು ನಕ್ಕರು. ಬಸ್ಯಾನೂ ಒಂದು ಟಗರನ್ನು ಹಾಗೇ ಮಾಡಿದ್ದನಂತೆ. ಒಳಗಿನಿಂದ ಅತ್ತಿಯ ಧ್ವನಿ: “ಟಗರಲ್ಲ, ಹೋತ.”

ಬಾಯಿಲ್ಲದವರ ಪುಸ್ತಕ

ಊರಿಂದ ಬಂದಮೇಲೆ ನನಗೆ ಈ ಪುಸ್ತಕಗಳ ಹುಚ್ಚು ಹಿಡಿಯಿತು. ಕುದುರೆಯವು, ಓಟಗಾರರವು, ಸಿಕ್ಕಿದ್ದೆಲ್ಲ. ಓದುತ್ತಾ ಹೋದ ಹಾಗೆ ಒಂದು ಅನುಮಾನ ಗಟ್ಟಿಯಾಯಿತು. ಓಟಗಾರರ ಪುಸ್ತಕಗಳಿಗಿಂತ ಕುದುರೆಗಳ ಪುಸ್ತಕ ಚೆನ್ನಾಗಿರುತ್ತವೆ. ಎಲ್ಲವೂ ಅಲ್ಲ, ಬಹಳಷ್ಟು. ಕಾರಣ ನನಗೆ ತೋಚಿದ್ದು ಇಷ್ಟೇ: ಕುದುರೆ ಮಾತಾಡುವುದಿಲ್ಲ. “ನಾನು ಕಷ್ಟಪಟ್ಟೆ, ದೇವರ ದಯೆ, ತಾಯಿಯ ಆಶೀರ್ವಾದ” ಅನ್ನುವುದಿಲ್ಲ. ಹಾಗಾಗಿ ಬರೆಯುವವನು ಎದ್ದು ಓಡಾಡಬೇಕು. ಲಾಯದ ಹುಡುಗನನ್ನು ಕೇಳಬೇಕು, ಲಾಳ ಹೊಡೆದವನನ್ನು ಕೇಳಬೇಕು, ಹುಲ್ಲು ಮಾರಿದವನನ್ನು ಕೇಳಬೇಕು. ಹಾಗೆ ಕೇಳಿದಾಗ ಪುಸ್ತಕದೊಳಗೆ ಒಂದು ಊರೇ ಬಂದು ಕೂರುತ್ತದೆ.

ಸೆಕ್ರೆಟೇರಿಯಟ್ ಅನ್ನುವ ಕೆಂಪು ಕುದುರೆಯ ಮಾತೇ ತೊಗೊಳ್ಳಿ. 1973ರಲ್ಲಿ ಬೆಲ್ಮಾಂಟ್ ರೇಸನ್ನು 31 ಕುದುರೆಯುದ್ದದ ಅಂತರದಲ್ಲಿ ಗೆದ್ದ. ಒಂದೂವರೆ ಮೈಲಿಗೆ 2 ನಿಮಿಷ 24 ಸೆಕೆಂಡು. ಇವತ್ತಿಗೂ ಆ ದಾಖಲೆ ಮುರಿದಿಲ್ಲ. ಆ ಓಟದ ವಿಡಿಯೋ ನೋಡಿ, ಚೌಕಟ್ಟಿನಲ್ಲಿ ಬೇರೆ ಕುದುರೆಯೇ ಸಿಗುವುದಿಲ್ಲ. ಆದರೆ ವಿಲಿಯಂ ನ್ಯಾಕ್ ಅವನ ಬಗ್ಗೆ ಬರೆದದ್ದರಲ್ಲಿ ನನ್ನನ್ನು ಹಿಡಿದದ್ದು ಈ ಗೆಲುವಲ್ಲ, ಅದಕ್ಕೂ ಮೊದಲಿನ ಒಂದು ಸೋಲು. ಏಪ್ರಿಲ್‌ನಲ್ಲಿ ವುಡ್ ಮೆಮೋರಿಯಲ್ ಅನ್ನುವ ಓಟದಲ್ಲಿ ಸೆಕ್ರೆಟೇರಿಯಟ್ ಮೂರನೆಯವನಾಗಿ ಬಂದ. ಪತ್ರಿಕೆಗಳು ಬೆನ್ನು ಹತ್ತಿದವು. ದೂರದ ಓಟ ಇವನಿಗೆ ಆಗುವುದಿಲ್ಲ, ತಳಿಯೇ ಅಂಥದ್ದು ಅಂತ. ನಿಜವಾದ ಕಾರಣ ಮೇಲಿನ ತುಟಿಯ ಒಳಗೆ ಕೀವು ತುಂಬಿದ ಒಂದು ಬಾವು. ಲಗಾಮು ಎಳೆದಾಗಲೆಲ್ಲ ಜೀವ ಹೋಗುವಷ್ಟು ನೋವಾಗಿರಬೇಕು. ಸವಾರನಿಗೂ ಗೊತ್ತಿರಲಿಲ್ಲ. ಬಾವು ಒಡೆಯಿತು, ಆ ಸೋಲಿನ ಎರಡು ವಾರಕ್ಕೆ ಕೆಂಟಕಿ ಡರ್ಬಿಯನ್ನು ದಾಖಲೆ ಸಮಯದಲ್ಲಿ ಗೆದ್ದ.

ಈ ಕುದುರೆಯನ್ನು ನೋಡಿಕೊಂಡವನು ಎಡ್ಡಿ ಸ್ವೆಟ್. ಕಪ್ಪು ಮನುಷ್ಯ, ಬಡವ. ಮೈ ತಿಕ್ಕುವುದು, ಕಾಲಿಗೆ ಪಟ್ಟಿ ಸುತ್ತುವುದು, ಜೊತೆಗೆ ಮಾತಾಡುವುದು ಎಲ್ಲ ಅವನೇ. ಮಾಲೀಕರ ಕೈಯಲ್ಲಿ ಟ್ರೋಫಿ ಇರುವ ಫೋಟೋಗಳಲ್ಲಿ ಹಗ್ಗ ಹಿಡಿದು ಪಕ್ಕಕ್ಕೆ ನಿಂತವನು. ಕೊನೆಗೆ ಅವನ ಬಗ್ಗೆಯೂ ಒಂದು ಪುಸ್ತಕ ಬಂತು. ಕೆಂಟಕಿಯ ಪ್ರತಿಮೆಯಲ್ಲಿ ಕುದುರೆಯ ಮುಂದೆ ಅವನೂ ಇದ್ದಾನೆ. ಫಾರ್ ಲ್ಯಾಪ್‌ಗೆ ಹೀಗೇ ಟಾಮಿ ವುಡ್‌ಕಾಕ್ ಇದ್ದ. 1930ರ ಮೆಲ್ಬರ್ನ್ ಕಪ್‌ಗೆ ಮೂರು ದಿನ ಮುಂಚೆ ಯಾರೋ ಕುದುರೆಗೆ ಗುಂಡು ಹಾರಿಸಿದಾಗ ಜೊತೆಗಿದ್ದವನು ಅವನೇ. ಗುಂಡು ತಪ್ಪಿತು, ಮೆಲ್ಬರ್ನ್ ಕಪ್ ಕೂಡ ಬಂತು. 1932ರಲ್ಲಿ ಅಮೆರಿಕದಲ್ಲಿ ಆ ಕುದುರೆ ಒದ್ದಾಡಿ ಸತ್ತಾಗಲೂ ಅವನು ಪಕ್ಕದಲ್ಲೇ ಇದ್ದ. ಈಗ ಫಾರ್ ಲ್ಯಾಪ್‌ನ ಚರ್ಮ ಮೆಲ್ಬರ್ನ್‌ನಲ್ಲಿ, ಅಸ್ಥಿಪಂಜರ ನ್ಯೂಜಿಲೆಂಡ್‌ನಲ್ಲಿ, 6.2 ಕಿಲೋ ತೂಗುವ ಹೃದಯ ಕ್ಯಾನ್‌ಬೆರಾದಲ್ಲಿ. ಸತ್ತಮೇಲೆ ಹೃದಯ ತೂಗುವ ಈ ಚಟ ನನಗೆ ಹಿಡಿಸುವುದಿಲ್ಲ. ಅತ್ತಿಯ ಮುಂದೆ ಹೇಳಿದರೆ, “ಅಯ್ಯ, ಮಣ್ಣು ಮಾಡಬಾರದ ಪಾಪ,” ಅಂದರು.

ಓಡಿದವರೇ ಬರೆದಾಗ

ಇನ್ನು ಮನುಷ್ಯರ ಪುಸ್ತಕ. ಮಿಲ್ಖಾ ಸಿಂಗ್ ಅವರ ಆತ್ಮಕಥೆ 2013ರಲ್ಲಿ ಬಂತು, ಸಿನಿಮಾ ಬಂದ ವರ್ಷವೇ. ಅದರಲ್ಲಿ ದೇಶ ವಿಭಜನೆಯ ಹೊತ್ತಿನ ಪುಟಗಳನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಅಡ್ಡಾಡಿ ಬಂದೆ. ಅಲ್ಲಿ ಅವರು ಚಾಂಪಿಯನ್ ಅಲ್ಲ, ಜೀವ ಉಳಿಸಿಕೊಳ್ಳಲು ಓಡುವ ಹುಡುಗ. ಆದರೆ 1960ರ ರೋಮ್ ಬಂದಾಗ, 400 ಮೀಟರ್‌ನಲ್ಲಿ ನಾಲ್ಕನೆಯವರಾದ ಆ ಓಟ ಬಂದಾಗ, ಮಾತು ಸವೆದಿದೆ ಅನ್ನಿಸುತ್ತದೆ. ತಪ್ಪು ಅವರದ್ದಲ್ಲ. 50 ವರ್ಷ ಹೋದಲ್ಲೆಲ್ಲ ಅದೊಂದನ್ನೇ ಕೇಳಿದರೆ ಯಾರ ಮಾತಾದರೂ ಸವೆಯುತ್ತದೆ. ಕಂಚಿಗೂ ಅವರಿಗೂ ಇದ್ದದ್ದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. 1984ರಲ್ಲಿ ಪಿ.ಟಿ. ಉಷಾ ಅವರಿಗೆ ಇನ್ನೂ ಕಡಿಮೆ, ನೂರನೇ ಒಂದು ಭಾಗ. ಅಷ್ಟು ಸಣ್ಣ ಹೊತ್ತನ್ನು ಇಡೀ ಜೀವಮಾನ ಹೇಳುತ್ತಾ ಇರಬೇಕು ಅಂದರೆ ಅದೂ ಒಂದು ಶಿಕ್ಷೆಯೇ.

ನನ್ನ ಅನುಮಾನವನ್ನು ಅರ್ಧ ಸುಳ್ಳು ಮಾಡಿದವರು ರೋಜರ್ ಬ್ಯಾನಿಸ್ಟರ್. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದ ಗೋಡೆ ಮುರಿದ ಮೊದಲ ಮನುಷ್ಯ. ಮುಂದಿನ ವರ್ಷವೇ ತಾವೇ ಪುಸ್ತಕ ಬರೆದರು, ಬಹಳ ಒಳ್ಳೆಯ ಪುಸ್ತಕ. ಯಾಕೆ ಒಳ್ಳೆಯದಾಯಿತು ಅಂದರೆ, ಅವರು ವೈದ್ಯಕೀಯ ಓದುತ್ತಿದ್ದರು. ಓಡುವ ಯಂತ್ರದ ಮೇಲೆ ತಮ್ಮನ್ನೇ ಸುಸ್ತಾಗುವ ತನಕ ಓಡಿಸಿಕೊಂಡು, ಉಸಿರು ಎಷ್ಟು, ಆಮ್ಲಜನಕ ಎಷ್ಟು ಅಂತ ಲೆಕ್ಕ ಇಟ್ಟವರು. ಟಾಮ್ ಸ್ಮಿತ್ ಸೀಬಿಸ್ಕಿಟ್‌ನನ್ನು ನೋಡಿದ ಹಾಗೆ ತಮ್ಮ ಮೈಯನ್ನು ತಾವೇ ದೂರ ನಿಂತು ನೋಡಿದರು. ಕುದುರೆಯೂ ತಾನೇ, ಲಾಯದವನೂ ತಾನೇ.

ಅಂದಹಾಗೆ ಬ್ಯಾನಿಸ್ಟರ್ ಓಡಿದ ಮೈಲಿ ಅಂದರೆ 1609 ಮೀಟರ್. ಬೆಳಿಗ್ಗೆ ಆರಕ್ಕೆ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದ ಕಡೆ ಬನ್ನಿ. ಪೊಲೀಸ್ ನೇಮಕಾತಿಗೆ ಓದುವ ಹುಡುಗರು, ಕಿಸೆಯಲ್ಲಿ ರೂಮಿನ ಕೀಲಿ ಇಟ್ಟುಕೊಂಡು ಓಡುತ್ತಿರುತ್ತಾರೆ. ಗದಗ, ಕೊಪ್ಪಳ, ವಿಜಯಪುರ, ಎಲ್ಲೆಲ್ಲಿಂದಲೋ ಬಂದವರು. ಅವರದ್ದು 1600 ಮೀಟರ್, ಆರೂವರೆ ನಿಮಿಷದೊಳಗೆ. ಬ್ಯಾನಿಸ್ಟರ್ ದಾರಿಗೆ ಒಂಬತ್ತೇ ಮೀಟರ್ ಕಡಿಮೆ. ಯಾರೋ ಒಬ್ಬ ಗೆಳೆಯ ಮೊಬೈಲ್ ಹಿಡಿದು “ಐದು ಐವತ್ತು, ಐದು ಐವತ್ತೊಂದು” ಅಂತ ಕೂಗುತ್ತಿರುತ್ತಾನೆ. ನಾನು ಅಲ್ಲಿ ನಡೆಯಲು ಹೋಗುವವನು. ಒಂದು ದಿನ ಒಬ್ಬ ಹುಡುಗ ಆರು ನಿಮಿಷ ಮೂವತ್ತೆರಡು ಸೆಕೆಂಡಿಗೆ ಬಂದು ನೆಲಕ್ಕೆ ಕೂತ. ಗೆಳೆಯ ನನ್ನ ಮುಖ ನೋಡಿದ. ನಾನೂ ನೋಡಿದೆ. “ಮೂವತ್ತು ಅಂತ ಬರ್ಕೊಳಪಾ,” ಅಂದ ಕೂತವ. “ನೀ ಓಡು, ನಾ ಸುಳ್ಳು ಬರ್ಯೂದಿಲ್ಲ,” ಅಂದ ನಿಂತವ.

ಕುದುರೆ ಮತ್ತು ಓಟಗಾರ ಎದುರಾಬದುರಾದ ಕಥೆಯೂ ಇದೆ, ನಗು ಬರುವಂಥದ್ದಲ್ಲ. 1936ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಹಿಟ್ಲರನ ಎದುರಿಗೇ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್, ಅದೇ ಡಿಸೆಂಬರ್‌ನಲ್ಲಿ ಕ್ಯೂಬಾದ ಹವಾನಾದಲ್ಲಿ ದುಡ್ಡಿಗಾಗಿ ಒಂದು ಕುದುರೆಯ ಜೊತೆ ಓಡಿದರು. ಸ್ವಲ್ಪ ಮುಂದೆ ನಿಲ್ಲಲು ಬಿಟ್ಟಿದ್ದರು, ಗೆದ್ದರು. ಇದು ಅವಮಾನ ಅಲ್ವಾ ಅಂತ ಕೇಳಿದವರಿಗೆ, ನಾಲ್ಕು ಚಿನ್ನದ ಪದಕ ಇದೆ, ಆದರೆ ಪದಕ ತಿಂದು ಬದುಕೋಕಾಗಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟರು. ಓವೆನ್ಸ್ ಕಪ್ಪು ಮನುಷ್ಯ. ಅವತ್ತಿನ ಅಮೆರಿಕದಲ್ಲಿ ಪದಕದ ಬೆಲೆ ಅಷ್ಟೇ.

ಹಿಲೆನ್‌ಬ್ರಾಂಡ್ ಅವರ ಎರಡನೇ ಪುಸ್ತಕ ಒಬ್ಬ ಓಟಗಾರನ ಮೇಲೆ, 2010ರಲ್ಲಿ ಬಂದದ್ದು. ಲೂಯಿ ಝಂಪೆರಿನಿ, ಅದೇ ಬರ್ಲಿನ್‌ನಲ್ಲಿ 5000 ಮೀಟರ್ ಓಡಿ ಎಂಟನೆಯವನಾದವ. ಸೀಬಿಸ್ಕಿಟ್‌ಗಾಗಿ ಹಳೇ ಪತ್ರಿಕೆ ತಿರುವಿ ಹಾಕುವಾಗ ಇವನು ಕಣ್ಣಿಗೆ ಬಿದ್ದನಂತೆ. 1943ರಲ್ಲಿ ವಿಮಾನ ಸಮುದ್ರಕ್ಕೆ ಬಿದ್ದು 47 ದಿನ ರಬ್ಬರ್ ತೆಪ್ಪದ ಮೇಲೆ ತೇಲಿದ, ಆಮೇಲೆ ಜಪಾನಿನ ಸೆರೆಯಲ್ಲಿ ಕಳೆದ. ಅವನು ಬದುಕಿದ್ದ, ಮಾತಾಡುತ್ತಿದ್ದ, 1956ರಲ್ಲೇ ತನ್ನ ಕಥೆ ತಾನು ಪ್ರಕಟಿಸಿದ್ದ. ಆದರೂ ಹಿಲೆನ್‌ಬ್ರಾಂಡ್ ಅವನನ್ನೂ ಕುದುರೆಯ ಹಾಗೇ ನೋಡಿದರು. ಅವನನ್ನೂ ಕೇಳಿದರು, ಅವನ ಸುತ್ತಲಿನವರನ್ನೂ ಕೇಳಿದರು, ಕಾಗದಪತ್ರ ಹುಡುಕಿದರು. ಇದನ್ನೆಲ್ಲ ಮಾಡಿದವರು ಕಾಲೇಜಿನ ವಯಸ್ಸಿನಿಂದಲೇ ವಿಪರೀತ ಸುಸ್ತಿನ ಕಾಯಿಲೆಗೆ ಸಿಕ್ಕು, ಎಷ್ಟೋ ದಿನ ಮನೆ ಬಿಟ್ಟು ಹೊರಗೆ ಬರಲಾಗದವರು.

ಫ್ರಿಜ್ ಬಂದ ವರ್ಷ

ಇಷ್ಟೆಲ್ಲ ಓದಿದಮೇಲೆ ಬಸ್ಯಾನ ಬಗ್ಗೆ ನಾಲ್ಕು ಪುಟ ಬರೆಯೋಣ ಅಂತ ಕೂತೆ. ಮೊದಲ ಸಾಲಿಗೇ ಸಿಕ್ಕಿಬಿದ್ದೆ. ಯಾವ ವರ್ಷ ಮೊದಲು ಓಡಿದ? ಕುದುರೆಗಳಿಗೆ ಹುಟ್ಟಿದ ದಿನದಿಂದ ಲೆಕ್ಕ ಇರುತ್ತದೆ. ಅಪ್ಪ ಯಾರು, ಅವ್ವ ಯಾರು, ಯಾವ ಓಟದಲ್ಲಿ ಎಷ್ಟು ಸೆಕೆಂಡು, ನೆಲ ಹಸಿ ಇತ್ತೋ ಒಣಗಿತ್ತೋ. ಹೋರಿ ಹಬ್ಬದಲ್ಲಿ ಗಡಿಯಾರವೇ ಇಲ್ಲ. ಕೊರಳಿಗೆ ಕಟ್ಟಿದ ಕೊಬ್ಬರಿ ಯಾರ ಕೈಗೂ ಸಿಗದ ಹಾಗೆ ಆಚೆ ದಾಟಿದರೆ ಗೆದ್ದ, ಅಷ್ಟೇ. ಫೋನ್ ಮಾಡಿ ಮಾಮಾನನ್ನು ಕೇಳಿದೆ. “ಬೈಕ್ ಬಂದಿದ್ದು ಫ್ರಿಜ್ ಬಂದ ಮರುವರ್ಷ. ಫ್ರಿಜ್ ಬಂದಾಗ ನಿಮ್ಮ ಅಕ್ಕನ ಮದಿವಿ ಆಗಿತ್ತು,” ಅಂದರು. ಬಸ್ಯಾ ಗೆದ್ದು ತಂದ ಸಾಮಾನಿನ ಮೇಲೆ ಆ ಮನೆಯ ಕಾಲಗಣನೆ. ಕಪಾಟು ಬಂದ ವರ್ಷ, ಬೈಕ್ ಬಂದ ವರ್ಷ, ಕೋರ್ಟಿನ ಗದ್ದಲಕ್ಕೆ ಹಬ್ಬ ನಿಂತ ವರ್ಷ. ಕೊನೆಯದ್ದು ಮಾತ್ರ ನನಗೂ ಲೆಕ್ಕಕ್ಕೆ ಸಿಗುವಂಥದ್ದು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸಿದಾಗ ನಮ್ಮ ಕಡೆಯೂ ಬಿಸಿ ತಟ್ಟಿತ್ತು. 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, 2023ರಲ್ಲಿ ಕೋರ್ಟ್ ಅದನ್ನು ಒಪ್ಪಿತು. ಹಬ್ಬ ಬೇಕೋ ಬೇಡವೋ ಅನ್ನುವ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಹೋರಿ ತಿವಿದು ಸತ್ತವರ ಸುದ್ದಿ ಓದಿದಾಗಲೆಲ್ಲ ನಾನು ಒಂದು ಕಡೆ, ಬಸ್ಯಾ ನೆನಪಾದಾಗ ಇನ್ನೊಂದು ಕಡೆ.

ಪ್ರಾಣಿಯ ಹೆಸರು ಬರೆದಿಡುವ ಅಭ್ಯಾಸ ನಮ್ಮಲ್ಲಿ ಇರಲೇ ಇಲ್ಲ ಅಂತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 950ರ ಆಸುಪಾಸಿನದ್ದು. ಕಾಡುಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗಾಗಿ ನಿಲ್ಲಿಸಿದ ಕಲ್ಲು. ಹೆಸರು ಹಾಕಿ, ಕಾದಾಟದ ಚಿತ್ರ ಕೆತ್ತಿ, ಪೂಜೆಗೂ ವ್ಯವಸ್ಥೆ ಮಾಡಿದ್ದಾರೆ. ಸಾವಿರ ವರ್ಷದ ಹಿಂದಿನ ಕನ್ನಡಿಗರಿಗೆ ತೋಚಿದ್ದು ನಮಗೆ ಯಾಕೆ ತೋಚಲಿಲ್ಲವೋ. ಮಾಮಾನ ಊರಿನ ಗುಡಿಯ ಹಿಂದೆ ಒಂದು ತುರುಗೋಳ್ ವೀರಗಲ್ಲಿದೆ. ದನ ಬಿಡಿಸಲು ಹೋಗಿ ಸತ್ತವನು ಮೇಲೆ ಸ್ವರ್ಗಕ್ಕೆ ಹೋಗುತ್ತಿದ್ದಾನೆ, ಕೆಳಗೆ ಸಾಲಾಗಿ ಆಕಳುಗಳು, ಹೆಸರಿಲ್ಲ. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಕೋಣಗಳ ಹೆಸರು ಕೇಳಿದವರು ಎಷ್ಟು ಜನ? ಗೆಲುವಿನಲ್ಲಿ ಕೋಣಗಳದ್ದೂ ಪಾಲಿದೆ, ಅವು ಚೆನ್ನಾಗಿ ಓಡಿದವು ಅಂತ ಆ ಮನುಷ್ಯನೇ ಹೇಳಬೇಕಾಯಿತು.

ಅದಕ್ಕೇ ಕೇಳಲು ಶುರು ಮಾಡಿದೆ. ಮಾಮಾ ಮೂರು ಪ್ರಶ್ನೆ ಕೇಳಿದ್ದರಲ್ಲ, ಅವನ್ನೇ ತಿರುಗಿಸಿ ಅವರಿಗೇ ಹಾಕಿದೆ. ಏನು ತಿಂತಿದ್ದ? “ಹತ್ತಿಕಾಳು, ಹುರಳಿ, ಹಬ್ಬದ ಮುಂದ ಮೊಟ್ಟಿ.” ಅಷ್ಟರಲ್ಲಿ ಹಿಂದಿನಿಂದ ಅತ್ತಿ: “ಹತ್ತಿಕಾಳು ಹಂಗ ಇಟ್ರ ಮೂಸತಿದ್ದಿಲ್ಲ. ರಾತ್ರಿ ನೆನಸಿ, ಮುಂಜಾನೆ ಬೆಲ್ಲದ ನೀರು ಚಿಮುಕಿಸಬೇಕು.” ಯಾರ ಕೈಯಲ್ಲಿ? ಮಾಮಾ ಸುಮ್ಮನಾದರು. ಫೋನು ಅತ್ತಿಯ ಕೈಗೆ ಹೋಯಿತು. ಸ್ಟೀಲಿನ ಬಕೆಟ್ಟಿನಲ್ಲಿ ನೀರಿಟ್ಟರೆ ತನ್ನ ಮುಖ ತಾನೇ ಕಂಡು ಹಿಂದೆ ಸರಿಯುತ್ತಿದ್ದ, ಅದಕ್ಕೇ ಕಲ್ಲಿನ ಬಾನಿ. ಓಡಿ ಬಂದ ರಾತ್ರಿ ಮಲಗುತ್ತಿರಲಿಲ್ಲ, ಮೈ ನಡುಗುತ್ತಿತ್ತು. ಕುತ್ತಿಗೆಯ ಕೆಳಗಿನ ಜೋಲುಚರ್ಮವನ್ನು ಅಂಗೈಯಿಂದ ಕೆಳಮುಖ ಮಾಡಿ ಸವರುತ್ತಾ ಕೂತರೆ ಬೆಳಗಿನ ಜಾವಕ್ಕೆ ಮುಂಗಾಲು ಮಡಚುತ್ತಿದ್ದ. ಒಂಬತ್ತು ವರ್ಷ ಹೀಗೆ ಕೂತವರು ಅತ್ತಿ. ಆ ಫ್ಲೆಕ್ಸ್‌ನಲ್ಲಿ ಮಾಮಾ ಇದ್ದಾರೆ, ಊರಿನ ಹುಡುಗರು ಹನ್ನೊಂದು ಮಂದಿ ಇದ್ದಾರೆ, ಇಬ್ಬರು ರಾಜಕಾರಣಿಗಳಿದ್ದಾರೆ. ಅತ್ತಿ ಇಲ್ಲ.

ನಾನು ಕಣ್ಣಾರೆ ನೋಡಿದ್ದು ಒಂದೇ ಸಲ, ಬೈಕ್ ಬಂದ ವರ್ಷ. ಅಖಾಡದ ಎರಡೂ ಬದಿಗೆ ಮಂದಿ, ಟ್ರ್ಯಾಕ್ಟರ್ ಮೇಲೆ, ಮರದ ಮೇಲೆ. ನಾನು ಒಂದು ಟ್ರಾಲಿಯ ಮೇಲೆ ನಿಂತಿದ್ದೆ. ಕೋಡಿಗೆ ಬಲೂನು, ಬೆನ್ನಿಗೆ ಜೂಲ, ಕೊರಳ ತುಂಬ ಕೊಬ್ಬರಿ. ಹಗ್ಗ ಬಿಚ್ಚಿದರು. ಬೇರೆ ಹೋರಿಗಳು ಬಿಚ್ಚಿದ ಕೂಡಲೇ ನುಗ್ಗುತ್ತವೆ. ಬಸ್ಯಾ ನಿಂತ. ಮೈಕಿನವನು ಅವನ ಸಿನಿಮಾ ಹೆಸರು ಕೂಗುತ್ತಿದ್ದಾನೆ, ಮಂದಿ ಸಿಳ್ಳೆ ಹೊಡೆಯುತ್ತಿದ್ದಾರೆ, ಇವನು ಅಲ್ಲಾಡಲಿಲ್ಲ. ಬಲಗಾಲು ಎತ್ತಿದ. ಎತ್ತಿ ಹಾಗೇ ಒಂದು ಗಳಿಗೆ ಹಿಡಿದ. ಆಮೇಲೆ ಇಟ್ಟು, ನೆಲ ಕೆರೆದು, ಹೊರಟ. ನನಗೆ ಕಂಡಿದ್ದು ಬೆನ್ನ ಮೇಲೆ ಹಾರುವ ಜೂಲ ಮತ್ತು ಎಡಕ್ಕೂ ಬಲಕ್ಕೂ ಬೀಳುವ ಮಂದಿ. ಒಂದು ಕೊಬ್ಬರಿಯೂ ಹೋಗಲಿಲ್ಲ. ಆ ಕಾಲು ಎತ್ತಿ ನಿಂತ ಗತ್ತು ನನ್ನ ಕಣ್ಣಲ್ಲಿ ಈಗಲೂ ಇದೆ. ನಾಲ್ಕು ಪುಟದಲ್ಲಿ ಒಂದು ಪುಟ ಪೂರ್ತಿ ಅದನ್ನೇ ಬರೆದೆ. ರಾಜ ಸಿಂಹಾಸನದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ಅಂತೆಲ್ಲ.

ಮೊನ್ನೆ ರವಿವಾರ ಫೋನಿನಲ್ಲೇ ಓದಿ ಹೇಳಿದೆ. ಸ್ಪೀಕರ್ ಹಾಕಿಕೊಂಡು ಇಬ್ಬರೂ ಕೇಳಿದರು. ಮಾಮಾ ನಡುವೆಯೇ ತಡೆದರು. “ತಪ್ಪು ಬರದೀ. ಅವ ಯಾವಾಗ್ಲೂ ಎಡಗಾಲು ಎತ್ತತಿದ್ದ.” ನಾನು ಬಲಗಾಲು ಅಂದೆ. ಅವರು ಎಡ ಅಂದರು. ಗೋಡೆಯ ಫ್ಲೆಕ್ಸ್ ನೋಡಿ ಹೇಳಿ ಅಂದೆ. ಎದ್ದು ಹೋಗಿ ನೋಡಿದರು. ಅದರಲ್ಲಿ ಕಾಲೇ ಇಲ್ಲ. ಕೋಡು, ಬಲೂನು, ಮುಖ, ಅದರ ಕೆಳಗೆ ಹುಡುಗರ ಫೋಟೋಗಳು. ಇಬ್ಬರೂ ಇನ್ನೂ ವಾದ ಮಾಡುತ್ತಿರುವಾಗ ಅತ್ತಿ ಮಾತಾಡಿದರು.

“ಅವ ಎಡಗಾಲ ಎತ್ತಾಂವ, ಖರೆ. ಬೈಕ್ ಬಂದ ವರ್ಷ ಒಂದ ಬಲಗಾಲ ಎತ್ತಿದ್ದ. ಗೊರಸಿನ ಸಂದ್ಯಾಗ ಜಾಲಿಮುಳ್ಳು ಹೋಗಿತ್ತು, ಇಷ್ಟುದ್ದ. ಆ ರಾತ್ರಿ ನಾನ ತೆಗದೆ. ನಿಮ್ಮ ಮಾಮಾ ಬೈಕ್ ತರಾಕ ಹೋಗಿದ್ರು.”